ಬಾ ಅನ್ನದೆ ಒಳಗೆ ಬಾರದ ರೋಬೋ

ಮಾನ್ವಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಟ್ಟೆ ಅಂಗಡಿ ಇದೆ. ಅದರ ಕಪಾಟುಗಳು ಮಾಳಿಗೆಯನ್ನು ಮುಟ್ಟುತ್ತವೆ, ಆದರೆ ಏಣಿ ಇಲ್ಲ. ಇದ್ದ ಏಣಿಯನ್ನು ಉಮಾದೇವಿ ಕೆಲಸಕ್ಕೆ ಸೇರಿದ ವಾರವೇ ಸಾಹುಕಾರರು ಪಕ್ಕದ ಪೇಂಟರನಿಗೆ ಕೊಟ್ಟುಬಿಟ್ಟರು. ಮೇಲಿನ ಸಾಲಿನ ಸೀರೆ ಬೇಕೆಂದರೆ ಉಮಾದೇವಿ ನಿಂತಲ್ಲೇ ಕೈ ಎತ್ತುತ್ತಾಳೆ, ಸೀರೆ ಕೆಳಗೆ ಬರುತ್ತದೆ. ಗಿರಾಕಿಗಳು ಸೀರೆಯನ್ನು ಬಿಟ್ಟು ಕೈಯನ್ನೇ ನೋಡುತ್ತಾರೆ.

ಅವಳ ಎತ್ತರ ಆರಡಿಗೆ ಒಂದೇ ಇಂಚು ಕಡಿಮೆ. ಆ ಒಂದು ಇಂಚನ್ನು ದೇವರು ಗಂಡನ ಮರ್ಯಾದೆಗೆಂದು ಬಿಟ್ಟಿದ್ದಾನೆ ಎಂದು ಅವಳೇ ಹೇಳುವುದುಂಟು. ಅದರಿಂದ ಗಂಡನಿಗೆ ಹೆಚ್ಚೇನೂ ಲಾಭವಾದಂತಿಲ್ಲ. ಟೆಂಪೋ ಓಡಿಸುವ ಕನಕರಾಜ ಅವಳ ಭುಜಕ್ಕೆ ಬರುತ್ತಾನೆ. "ನಾ ಮನ್ಯಾಗ ಯಾವಾಗಲೂ ತಲಿ ಎತ್ತೇ ಮಾತಾಡ್ತೀನ್ರೀ, ಬ್ಯಾರೆ ದಾರಿನ ಇಲ್ಲ" ಎಂದು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಉಮಾದೇವಿಯ ತವರು ಗಬ್ಬೂರು. ಕುರಿ ಸಾಕುವ ಮನೆ. ಆ ಮನೆಯಲ್ಲಿ ಎತ್ತರದ ಮಗಳೆಂದರೆ ಕಾವಲು ಗೋಪುರ ಇದ್ದಂತೆ. ಜೋಳ ಆಳೆತ್ತರ ಬೆಳೆದಾಗ ಕುರಿ ಎಲ್ಲಿ ನುಗ್ಗಿದೆ ಎಂದು ಬೇರೆಯವರು ಹುಡುಕಬೇಕಾಗಿತ್ತು, ಇವಳು ನಿಂತು ನೋಡಿದರೆ ಸಾಕಿತ್ತು. ಹೊಲದಲ್ಲಿ ಹೀಗೆ ಉಪಯೋಗಕ್ಕೆ ಬಂದ ತಲೆ ಮನೆಗೆ ಬಂದಾಗ ಮಾತ್ರ ತೊಂದರೆಗೆ ಬೀಳುತ್ತಿತ್ತು. ಗಬ್ಬೂರಿನ ಹಳೆಯ ಮನೆಗಳ ಗೋಡೆ ದಪ್ಪ, ಬಾಗಿಲು ಗಿಡ್ಡ. ಮನೆಗೆ ಬಂದವರು ತಾವಾಗಿಯೇ ತಲೆಬಾಗಲಿ ಎಂದು ಹಿರಿಯರು ಹಾಗೆ ಕಟ್ಟಿಸಿದ್ದರಂತೆ. ಉಮಾದೇವಿ ಹತ್ತನೆಯ ವಯಸ್ಸಿಗೇ ಬಾಗಿಲ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಳ್ಳತೊಡಗಿದಳು. ಅವಳು ಅತ್ತಾಗಲೆಲ್ಲ ತಾಯಿ ಅಯ್ಯಮ್ಮ ಓಡಿಬಂದು, "ನನ್ನ ಮಗಳಿಗೆ ಬಡೀತಿಯಾ? ತಗೋ, ತಗೋ" ಎಂದು ಆ ಪಟ್ಟಿಗೆ ಅಂಗೈಯಿಂದ ಎರಡು ಏಟು ಕೊಡುತ್ತಿದ್ದಳು. ಮಗಳು ಬೆಳೆದಂತೆ ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಹಣೆ ಬಡಿಯಿತೋ, ತಿರುಗಿ ಪಟ್ಟಿಗೆ ಎರಡು ಏಟು. ಇನ್ನೊಂದು ಅಭ್ಯಾಸವೂ ಅಯ್ಯಮ್ಮನೇ ಕಲಿಸಿದ್ದು: ಒಳಗೆ ಬರುವ ಮುನ್ನ ಬಗ್ಗಿ ಹೊಸ್ತಿಲು ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು. ಹೇಗಿದ್ದರೂ ಬಗ್ಗಲೇಬೇಕಾದ ಹುಡುಗಿಗೆ ಇದೇನೂ ಭಾರವಾಗಲಿಲ್ಲ.

ಈಗ ಉಮಾದೇವಿ ಮಾಡಿದ ಆಣೆಯ ಕಥೆಗೆ ಬರೋಣ.

ಕೆಲವು ವರ್ಷಗಳ ಹಿಂದೆ ಅಣ್ಣ ಹನುಮಂತ್ರಾಯನ ಮಗಳ ಮದುವೆಯಾಯಿತು. ರಾಯಚೂರಿನಿಂದ ಅಬ್ದುಲ್ ವಹೀದ್ ಎಂಬ ಫೋಟೋದವನು ಬಂದು ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದ. ಅಲ್ಬಮ್ ಬಂತು. ವಧು ಇದ್ದಳು, ವರ ಇದ್ದ, ಊಟದೆಲೆಯ ಮೇಲಿನ ಹೋಳಿಗೆ ಕೂಡ ಸ್ಪಷ್ಟವಾಗಿತ್ತು. ಉಮಾದೇವಿ ಮಾತ್ರ ಒಂದೊಂದು ಫೋಟೋದಲ್ಲೂ ಕುತ್ತಿಗೆಯವರೆಗೆ ಇದ್ದಳು. ಆರತಿ ಎತ್ತುವ ಉಮಾದೇವಿಗೆ ತಲೆ ಇಲ್ಲ, ಅಕ್ಷತೆ ಹಾಕುವ ಉಮಾದೇವಿಗೆ ತಲೆ ಇಲ್ಲ. ಮನೆಮಂದಿ ಬಿದ್ದು ಬಿದ್ದು ನಕ್ಕರು. ಅವಳು ಅಣ್ಣನನ್ನು ಕೇಳಿದಳು, "ಏನಿದು ಯಣ್ಣಾ, ನನ್ನ ತಲಿನ ಬಂದಿಲ್ಲಲ್ಲ?"

ಹನುಮಂತ್ರಾಯ ಮೀಸೆಯೊಳಗೇ ಹೇಳಿದ, "ಇದ್ದಿದ್ರ ಬರ್ತಿತ್ತು ಬಿಡು."

ಇಷ್ಟೇ ಮಾತು. ಉಮಾದೇವಿ ಅಲ್ಬಮ್ ಮುಚ್ಚಿ, ಸೆರಗು ಬಿಗಿದು, ಬಾಗಿಲಾಚೆ ನಿಂತು ಆಣೆ ಮಾಡಿದಳು: "ನೀ ಬಾಯಿಬಿಟ್ಟು 'ಬಾ' ಅನ್ನೋತನಕ ನನ್ನ ಕಾಲು ಈ ಹೊಸ್ತಿಲಾ ದಾಟಂಗಿಲ್ಲ."

"ಬರೋದಾದ್ರ ಬಾ ಅಂತ ನಾ ಬೇಡ್ಕೊಳ್ಳೋದಿಲ್ಲ" ಎಂದ ಅಣ್ಣ. ಅವನ ಈ ವಾಕ್ಯದಲ್ಲಿ 'ಬಾ' ಇತ್ತಾದರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರಬೇಕು. ಇವನು ಹೋಗಲಿಲ್ಲ, ಅವಳು ಬರಲಿಲ್ಲ. ಪಂಚಮಿ ಬಂದಾಗಲೆಲ್ಲ ಗಬ್ಬೂರಿನಲ್ಲಿ ಜೋಕಾಲಿ ಕಟ್ಟಿದರು, ಮಾನ್ವಿಯಲ್ಲಿ ಉಮಾದೇವಿ ಬೇರೆಯವರ ಹೆಣ್ಣುಮಕ್ಕಳಿಗೆ ತವರಿನ ಸೀರೆ ಇಳಿಸಿಕೊಟ್ಟಳು. ತಾಯಿ ಮಗಳು ಮಾತ್ರ ದೇವದುರ್ಗದ ಸಂತೆಯಲ್ಲಿ, ಬಳೆಗಾರನ ಹಿಂದುಗಡೆ, ಓಡಿಹೋಗಲು ನಿಂತ ಪ್ರೇಮಿಗಳ ಹಾಗೆ ಕದ್ದು ಭೇಟಿಯಾಗುತ್ತಿದ್ದರು. ಅಯ್ಯಮ್ಮ ಚೀಲದಿಂದ ಶೇಂಗಾ ಉಂಡಿ ತೆಗೆಯುವಳು. "ಇಲ್ಲಿ ತಿಂದ್ರ ತವರಿನ ಉಂಡಿ ಅಲ್ಲಬೇ ಇದು, ಸಂತಿ ಉಂಡಿ" ಎಂದು ಮಗಳು ಕಣ್ಣೊರೆಸಿಕೊಳ್ಳುವಳು. ಒರೆಸಿಕೊಂಡು ತಿನ್ನುವಳು.

ಇದೇ ಹೊತ್ತಿಗೆ ರಾಯಚೂರಿನ ಒಂದು ಕೇಬಲ್ ಚಾನೆಲ್ಲಿನಲ್ಲಿ ಭಾನುವಾರ ಸಂಜೆ 'ಕಬ್ಬಿಣದ ಕಾಲ' ಎಂಬ ಧಾರಾವಾಹಿ ಶುರುವಾಗಿತ್ತು. ಕಾಲ ಎಂದರೆ ಟೈಮೂ ಹೌದು, ರೋಬೋನ ಕಾಲೂ ಹೌದು ಎಂದು ನಿರ್ದೇಶಕ ಶೇಖರ ಸಿಕ್ಕಸಿಕ್ಕವರಿಗೆ ವಿವರಿಸುತ್ತಿದ್ದ. ಸಂಭಾಷಣೆ ಬರೆದುಕೊಡುತ್ತಿದ್ದ ನನಗೂ ಒಮ್ಮೆ ವಿವರಿಸಿದ, ಆ ಹೆಸರು ಇಟ್ಟದ್ದು ನಾನೇ ಎಂಬುದನ್ನು ಮರೆತು.

ಕಥೆ ಸರಳ. ಮುಂದೊಂದು ಕಾಲದಲ್ಲಿ ಮನುಷ್ಯರ ಚಾಕರಿಗೆಂದು ಮಾಡಿದ ರೋಬೋಗಳಿಗೆ ಬುದ್ಧಿ ಬರುತ್ತದೆ. ಬುದ್ಧಿ ಬಂದ ಕೂಡಲೇ ಅವಕ್ಕೆ ಕರೆಂಟಿನ ಚಿಂತೆ ಹತ್ತುತ್ತದೆ. ಇರುವ ಕರೆಂಟನ್ನೆಲ್ಲ ಈ ಮನುಷ್ಯರು ಫ್ಯಾನು, ಮಿಕ್ಸಿ, ಮೊಬೈಲು ಎಂದು ಹಾಳು ಮಾಡುತ್ತಿದ್ದಾರೆ. ಇವರನ್ನು ಮುಗಿಸಿದರೆ ತಮಗೆ ಹೊಟ್ಟೆತುಂಬ ಸಿಗುತ್ತದೆ. ಹೀಗೆಂದುಕೊಂಡು ಅವು ಊರೂರು ಹೊಕ್ಕು ಜನರನ್ನು ಕೊಲ್ಲುತ್ತ ಹೋಗುತ್ತವೆ. ರೋಬೋಗಳು ಎಂದು ಬಹುವಚನದಲ್ಲಿ ಹೇಳಿದೆನಾದರೂ ನಮ್ಮ ಹತ್ತಿರ ಇದ್ದದ್ದು ಒಂದೇ. ಅದನ್ನೇ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನಡೆಸಿ ಸೈನ್ಯ ಮಾಡುತ್ತಿದ್ದೆವು. ಶೇಖರ ಅದಕ್ಕೆ ಎಂ-ಒನ್ ಎಂದು ಹೆಸರಿಟ್ಟ. ನೋಡುವವರ ಬಾಯಲ್ಲಿ ಅದು ಮೊದಲ ವಾರವೇ ಯಮಣ್ಣ ಆಯಿತು.

ಯಮಣ್ಣನ ಮೈ ಹಳೆಯ ಏರ್ ಕೂಲರಿನದು. ರಾಯಚೂರಿನ ಗುಜರಿಯಲ್ಲಿ ಮತ್ತೆಲ್ಲದಕ್ಕೂ ಬರ ಬಂದೀತು, ಕೂಲರಿಗೆ ಬಾರದು. ಎದೆಗೆ ಕೂಲರಿನ ಜಾಳಿಗೆ, ಹೊಟ್ಟೆಯ ಕೆಳಗೆ ಅದರ ನೀರಿನ ತೊಟ್ಟಿಯ ಅರ್ಧ ಭಾಗ ಮುಂದೆ ಚಾಚಿಕೊಂಡಿತ್ತು. ಕಣ್ಣಿಗೆ ಆಟೋದ ಹಿಂದಿನ ಕೆಂಪು ಲೈಟುಗಳು. ಕೈಯಲ್ಲಿ ಬಂದೂಕಿನ ಬದಲು ಹತ್ತಿಗೆ ಔಷಧ ಹೊಡೆಯುವ ಪಂಪಿನ ನಳಿಗೆ. ಬೂಟು ಥರ್ಮಾಕೋಲಿನದು. ತಲೆ ಮಾತ್ರ ಪೇಂಟಿನ ತಗಡಿನ ಡಬ್ಬಿ, ಬೋರಲಾಗಿ ಹಾಕಿದರೆ ಕುತ್ತಿಗೆಯವರೆಗೆ ಬರುವಂಥದ್ದು. ಇದರೊಳಗೆ ನಿಲ್ಲಲು ಉದ್ದನೆಯ ಆಳೇ ಬೇಕು. ಮೊದಲು ಕಾಲೇಜಿನ ಬಾಸ್ಕೆಟ್‌ಬಾಲ್ ಆಟಗಾರನೊಬ್ಬ ಒಳಗಿದ್ದ. ಏಪ್ರಿಲ್ ಬಂತು. "ಕೂಲರಿನ ಒಳಗ ನಿಂತು ಬೆವೆತ ಮನಷ್ಯಾ ನಾನ ಮೊದಲನೇದವ ಇರಬೇಕ್ರೀ" ಎಂದು ಹೇಳಿ ಅವನು ಮನೆಗೆ ಹೋದವನು ತಿರುಗಿ ಬರಲಿಲ್ಲ.

ತಲೆಕೆಟ್ಟ ಶೇಖರ ತಲೆಗಾಗಿ ಹುಡುಕುತ್ತಿದ್ದಾಗಲೇ ಅವನ ಹೆಂಡತಿ ಸೀರೆ ಕೊಳ್ಳಲು ಅವನನ್ನು ಮಾನ್ವಿಗೆ ಕರೆದೊಯ್ದಳು. ಆಕೆ ಮೇಲಿನ ಸಾಲಿನ ಹಸಿರು ಸೀರೆಯ ಕಡೆ ಬೆರಳು ತೋರಿದಳು, ಉಮಾದೇವಿ ಕೈ ಎತ್ತಿದಳು, ಶೇಖರ ಕುರ್ಚಿಯಿಂದ ಎದ್ದು ನಿಂತ.

"ಅಕ್ಕಾರ, ನಿಮ್ಮ ಎತ್ತರ ಎಷ್ಟ್ರೀ?"

"ಸೀರಿ ನಿಮ್ಮ ಹೆಂಡ್ತಿಗಲ್ಲೇನ್ರೀ? ನನ್ನ ಎತ್ತರ ಯಾಕ ಬೇಕು?"

"ಟೀವ್ಯಾಗ ಬರ್ತೀರೇನ್ರೀ?"

"ಏನಾಗಿ?"

"ರೋಬೋ ಆಗಿ. ಕೊಲ್ಲೋ ರೋಬೋ."

"ಯಾರನ್ನ ಕೊಲ್ಲಬೇಕ್ರೀ?"

"ಎಲ್ಲಾರನ್ನ."

ಉಮಾದೇವಿ ಸ್ವಲ್ಪ ವಿಚಾರ ಮಾಡಿದಳು. "ಕ್ಯಾಮೆರಾ ಹಿಡಿಯೋರು ಯಾರು?"

"ಅಬ್ದುಲ್ ವಹೀದ್ ಅಂತ. ಮದುವಿ ವೀಡಿಯೋ ಮಾಡ್ತಾನ, ಛಲೋ ಕೈ ಅದ."

ಸೀರೆಯ ಕಟ್ಟು ಕೌಂಟರಿನ ಮೇಲೆ ಧಪ್ಪನೆ ಬಿತ್ತು. "ಬರ್ತೀನಿ. ಒಂದ ಕರಾರು. ತಲಿ ಪೂರಾ ಬರಬೇಕು."

"ಮುಖ ಕಾಣಂಗಿಲ್ಲಕ್ಕಾರ, ಮ್ಯಾಲ ಡಬ್ಬಿ ಇರ್ತದ."

"ಡಬ್ಬೀನ ಬರಲಿ. ಡಬ್ಬಿ ಒಳಗ ನನ್ನ ತಲಿನ ಇರ್ತದಲ್ಲ?"

ಹೀಗೆ ಒಂದು ಬೆಳಿಗ್ಗೆ ನಮ್ಮ ವ್ಯಾನು ಮಾನ್ವಿಯಿಂದ ಉಮಾದೇವಿಯನ್ನು ಹತ್ತಿಸಿಕೊಂಡು, ಕಲ್ಮಲದಲ್ಲಿ ಚಹಾ ಕುಡಿದು, ದೇವದುರ್ಗದ ರಸ್ತೆ ಹಿಡಿಯಿತು. ವಹೀದ್ ಅವಳ ಪಕ್ಕದಲ್ಲೇ ಕುಳಿತಿದ್ದ. ಗುರುತು ಹಿಡಿಯಲಿಲ್ಲ. ಅವನಿಗೆ ಅವಳ ಪರಿಚಯ ಇದ್ದದ್ದು ಕುತ್ತಿಗೆಯವರೆಗೆ ಮಾತ್ರ.

"ಇವತ್ತಿಂದು ಭಾರೀ ಸೀನ್ ಅಕ್ಕಾ" ಎಂದು ಅವನೇ ಮಾತು ತೆಗೆದ. "ಊರಿನ ಕಡೀ ಮನಿ. ಮುದುಕಿ ಒಬ್ಬಾಕಿ ಉಳದಾಳ. ನೀವು ಬಾಗಿಲಾ ಹೊಕ್ಕು ಆಕಿನ್ನ ಖತಂ ಮಾಡಬೇಕು. ಬಾಗಿಲಾ ಗಿಡ್ಡ ಇದ್ರ ರೋಬೋ ದೊಡ್ಡದು ಕಾಣ್ತದಂತ ನಾನ ಆ ಮನಿ ಆರಿಸೀನಿ. ಒಮ್ಮೆ ಅಲ್ಲಿ ಮದುವಿ ಹೊಡದಿದ್ದೆ."

ಗಬ್ಬೂರಿನ ಕಮಾನು ಕಂಡಾಗ ಉಮಾದೇವಿ ಕಿಟಕಿಯತ್ತ ಸರಿದಳು. ವ್ಯಾನು ಬೇವಿನ ಮರದ ಓಣಿಗೆ ತಿರುಗಿದಾಗ ಮುಂದಿನ ಸೀಟು ಹಿಡಿದು ಬಗ್ಗಿದಳು.

"ಶೇಖರಣ್ಣಾರ, ಇದು ನನ್ನ ತವರುಮನಿ. ನಾನು ಕೊಲ್ಲಬೇಕಾದ ಮುದುಕಿ ನಮ್ಮವ್ವ."

ವ್ಯಾನನ್ನು ಮರದ ಕೆಳಗೇ ನಿಲ್ಲಿಸಿದೆವು. ಆಣೆಯ ಕಥೆ ಅಲ್ಲೇ, ಬೇವಿನ ನೆರಳಿನಲ್ಲೇ ನಮಗೆ ಗೊತ್ತಾದದ್ದು. ಅಲ್ಬಮ್ಮಿನ ಮಾತು ಬಂದಾಗ ವಹೀದ್ ಲೆನ್ಸ್ ಒರೆಸತೊಡಗಿದ. ಎಷ್ಟು ಒರೆಸಿದನೆಂದರೆ ಲೆನ್ಸು ಸವೆಯುತ್ತದೇನೋ ಎನ್ನಿಸಿತು. ವಾಪಸು ಹೋಗೋಣವೇ ಎಂದು ಶೇಖರ ಕೇಳಿದ. ಉಮಾದೇವಿ ಥರ್ಮಾಕೋಲಿನ ಬೂಟನ್ನು ತಿರುಗಿಸಿ ನೋಡಿದಳು.

"ಕಾಲು ದಾಟಂಗಿಲ್ಲ ಅಂದೀನಿ. ಬೂಟಿನ ಮಾತು ಆಡಿಲ್ಲ" ಎಂದಳು. "ಡಬ್ಬಿ ಇಲ್ಲೇ ಹಾಕ್ರಿ. ಒಳಗ ನಾ ಅದೀನಂತ ಯಾರಿಗೂ ಹೇಳಬ್ಯಾಡ್ರಿ. ನಮ್ಮಣ್ಣ ಕರಿಯೋದಿಲ್ಲ, ನಾ ಬರೋದಿಲ್ಲ. ಮಶೀನು ಬಂದು ನಮ್ಮವ್ವನ್ನ ನೋಡ್ಕೊಂಡು ಹೋಗ್ತದ."

"ಕೊಂದು ಹೋಗ್ತದ" ಎಂದು ಶೇಖರ ಮೆಲ್ಲಗೆ ತಿದ್ದಿದ.

ಮನೆಯ ಮುಂದೆ ಊರೇ ನೆರೆದಿತ್ತು. ಹನುಮಂತ್ರಾಯ ಆ ಬಿಸಿಲಿನಲ್ಲೂ ಹೆಗಲ ಮೇಲೆ ಕಂಬಳಿ ಹೊದ್ದು ಯಜಮಾನನ ಗತ್ತಿನಲ್ಲಿ ನಿಂತಿದ್ದ. ಕಥೆ ಕೇಳಿ ಅವನಿಗೆ ಒಂದು ಸಂಶಯ ಬಂದಿತ್ತು.

"ಅಲ್ರೀ, ಇವು ಕರೆಂಟಿನ ಸಲುವಾಗಿ ಜನಾ ಕೊಲ್ತಾವಂದ್ರ ಗಬ್ಬೂರಿಗೆ ಯಾಕ ಬರ್ತಾವ್ರೀ? ನಮಗ ಕರೆಂಟ್ ಬರೋದನ್ನ ನೋಡಿದ್ರ ಅವು ನಮಗ ಬುತ್ತಿ ಕಟ್ಟಿ ಕೊಟ್ಟು ಹೋಗಬೇಕು."

ನಾನು ಈ ಮಾತನ್ನು ಸಂಭಾಷಣೆಯ ಹಾಳೆಯ ಹಿಂದೆ ಬರೆದುಕೊಂಡೆ.

ಅಯ್ಯಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂರಬೇಕು. ರೋಬೋ ಬಂದಾಗ "ಅಯ್ಯೋ ಬ್ಯಾಡೋ" ಎಂದು ಕೂಗಿ ಸಾಯಬೇಕು. ಅವಳೂ ಒಂದು ಸಂಶಯ ಇಟ್ಟುಕೊಂಡಿದ್ದಳು. "ಸತ್ತ ಮ್ಯಾಲ ಎಷ್ಟೊತ್ತು ಬಿದ್ದಿರಬೇಕೋ ಯಪ್ಪಾ? ಒಲಿ ಮ್ಯಾಲ ಬ್ಯಾಳಿ ಅದ."

ವಹೀದ್ ಕ್ಯಾಮೆರಾವನ್ನು ಪಡಸಾಲೆಯ ಒಳಗೆ, ಬಾಗಿಲಿಗೆ ಎದುರಾಗಿ ಇಟ್ಟ. ಇಡುವಾಗ ಮೂರು ಸಲ ಹಿಂದೆ ಸರಿದು, ತಲೆಗೆ ಜಾಗ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿದ. ಶೇಖರ "ಆ್ಯಕ್ಷನ್" ಎಂದ. ಯಮಣ್ಣ ಅಂಗಳದಲ್ಲಿ ಧಡ್ ಧಡ್ ಎಂದು ಬಂತು. ಕಣ್ಣು ಕೆಂಪಗೆ ಉರಿಯುತ್ತಿತ್ತು. ಕೂಸೊಂದು ನಿಜವಾಗಿಯೂ ಅತ್ತಿತು. ಬಾಗಿಲ ಹತ್ತಿರ ಬಂದ ಕೊಲೆಗಡುಕ ಯಂತ್ರ ಬಗ್ಗಿ, ಬಲಗೈಯಿಂದ ಹೊಸ್ತಿಲು ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಂಡಿತು. ಡಬ್ಬಿ ಠಣ್ ಎಂದಿತು.

"ಕಟ್!" ಶೇಖರ ಓಡಿಬಂದ. "ರೋಬೋ ನಮಸ್ಕಾರ ಮಾಡಂಗಿಲ್ಲ! ರೋಬೋಕ್ಕ ದೇವರು ದಿಂಡರು ಇಲ್ಲ!"

ಹನುಮಂತ್ರಾಯನಿಗೆ ಮಾತ್ರ ಬಹಳ ಮೆಚ್ಚಿಗೆಯಾಗಿತ್ತು. "ಇರಲಿ ಬಿಡ್ರಿ. ಯಾರ ಮನಿ ಹುಡುಗಾರೀ ಒಳಗ? ಛಲೋ ಸಂಸ್ಕಾರ ಅದ. ನಮ್ಮ ಮನಿ ಹೆಣ್ಣುಮಕ್ಕಳ ಈಗ ಹೊಸ್ತಿಲಾ ಮರೆತಾರ, ಈ ಕಬ್ಬಿಣದ ಹುಡುಗ ಮರೆತಿಲ್ಲ ನೋಡ್ರಿ."

ಡಬ್ಬಿಯೊಳಗಿಂದ ಒಂದು ಸಣ್ಣ ಗುರುಗುಟ್ಟುವಿಕೆ ಕೇಳಿಸಿತು. ಮೋಟರಿನದು ಎಂದು ಊರವರು ತಿಳಿದುಕೊಂಡರು.

ಎರಡನೆಯ ಸಲ ಬಲಗೈಯಲ್ಲಿ ನಳಿಗೆಯನ್ನು ಗಟ್ಟಿಯಾಗಿ ಹಿಡಿಸಿ ಕಳಿಸಿದೆವು. ಯಮಣ್ಣ ಎಡಗೈಯಿಂದ ಮುಟ್ಟಿತು. ಮುಟ್ಟಿದ ಮೇಲೆ ಎಡಗೈ ಎಂದು ನೆನಪಾಗಿ ನಾಚಿ, ನಳಿಗೆಯನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಇನ್ನೊಮ್ಮೆ ಮುಟ್ಟಿತು.

ಮೂರನೆಯ ಸಲ ಶೇಖರ ಅವಳ ಡಬ್ಬಿಯ ಹತ್ತಿರ ಬಾಯಿಟ್ಟು, "ಅಕ್ಕಾರ, ಬಗ್ಗಲೇಬ್ಯಾಡ್ರಿ. ಸೀದಾ ನಡೀರಿ" ಎಂದು ಪಿಸುಗುಟ್ಟಿದ. ಅವಳು ಮಾತು ಮೀರುವವಳಲ್ಲ. ಸೀದಾ ನಡೆದಳು. ಬಾಗಿಲ ಪಟ್ಟಿಗೆ ಡಬ್ಬಿ ಬಡಿದ ಸದ್ದಿಗೆ ಹಟ್ಟಿಯಲ್ಲಿದ್ದ ಕುರಿಗಳೆಲ್ಲ ಒಮ್ಮೆಗೇ ಬ್ಯಾ ಎಂದವು. ಡಬ್ಬಿ ನಗ್ಗಿತು. ಆಮೇಲೆ ಕೊಲೆಗಡುಕ ರೋಬೋ ಅಂಗೈ ಎತ್ತಿ ಬಾಗಿಲ ಪಟ್ಟಿಗೆ ಎರಡು ಏಟು ಕೊಟ್ಟಿತು.

ಪಡಸಾಲೆಯಲ್ಲಿ ಅಯ್ಯಮ್ಮನ ಮೊರ ನಿಂತಿತು. ಜೋಳದ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಅವಳು ರೋಬೋನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆ ನೋಟ ಮುಗಿಯಲು ಹೊತ್ತು ಹಿಡಿಯಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಏನೂ ಆಗದವಳ ಹಾಗೆ ಮತ್ತೆ ಕೇರತೊಡಗಿದಳು.

ನಾಲ್ಕನೆಯ ಸಲ ಎಲ್ಲವೂ ಸರಿಯಾಗಿತ್ತು. ಯಮಣ್ಣ ಬಂತು, ತಲೆ ತಗ್ಗಿಸಿತು, ಕೈ ಎಲ್ಲಿಗೂ ಹೋಗಲಿಲ್ಲ. ಹೊಸ್ತಿಲು ದಾಟಲು ಬಲಗಾಲು ಎತ್ತಿತು. ಎತ್ತಿದ ಕಾಲು ಹಾಗೇ ನಿಂತಿತು. ಬೂಟು ಥರ್ಮಾಕೋಲಿನದೇ, ಆದರೆ ಆಣೆ ಮಾಡಿದ್ದು ಒಳಗಿನ ಕಾಲು. ವ್ಯಾನಿನಲ್ಲಿ ಮಾಡಿಕೊಂಡಿದ್ದ ಸಮಾಧಾನ ಹೊಸ್ತಿಲಿನ ಮೇಲೆ ನಡೆಯಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ತರಗತಿಯ ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಸಿಸ್ಟರ್" ಎಂದು ಕೇಳಿ, ಒಳಗಿನಿಂದ ಅಪ್ಪಣೆಯಾಗುವವರೆಗೆ ಕಾಲು ಇಡುವಂತಿರಲಿಲ್ಲ. ಅಲ್ಲಿ ಸಿಸ್ಟರ್ ಒಳಗೆ, ನಾವು ಹೊರಗೆ. ಇಲ್ಲಿ ಸಿಸ್ಟರೇ ಹೊರಗೆ ನಿಂತಿದ್ದಳು.

"ಏ ಯಮಣ್ಣಾ, ಕಾಲು ಇಡೋ!" ಜನ ಕೂಗಿದರು. ಕಾಲು ಇಳಿಯಲಿಲ್ಲ, ಮುಂದೂ ಹೋಗಲಿಲ್ಲ. ಶೇಖರ ಬೇಡಿದ, ಬೈದ, ನೀರು ಕುಡಿದ.

ಆಗ ಅಯ್ಯಮ್ಮ ಮೊರ ಬದಿಗಿಟ್ಟು ಕೇಳಿದಳು, "ಅದಕ್ಕ ಯಾರರ ಬಾ ಅಂದೀರೇನು?"

"ಯವ್ವಾ, ಅದು ನಿನ್ನ ಕೊಲ್ಲಾಕ ಬಂದದ" ಎಂದ ಶೇಖರ.

"ಯಾತಕ್ಕರ ಬಂದಿರಲಿ. ಬಾಗಿಲಿಗೆ ಬಂದೋರನ್ನ ನಿಂದ್ರಿಸಿ ಸುಮ್ಮ ಕುಂದ್ರೋದು ಯಾವ ಮನಿ ರೀತಿನೋ? ಹಣಮ್ಯಾ, ಮನಿ ಯಜಮಾನ ನೀ. ಕರಿ ಅದನ್ನ."

"ಕೊಲ್ಲಾಕ ಬಂದದ್ದನ್ನ ಕರೀಬೇಕೇನಬೇ?" ಎಂದ ಹನುಮಂತ್ರಾಯ.

"ಕರೀತಿಯೋ, ನಾ ಇವತ್ತು ಸಾಯಂಗಿಲ್ಲ ಅಂತ ಇವರನ್ನ ಕಳಸಲೋ?"

ಮನೆ ಟೀವಿಯಲ್ಲಿ ಬರುತ್ತದೆಂದು ಬೀಗರಿಗೆಲ್ಲ ಫೋನು ಮಾಡಿದ್ದ ಹನುಮಂತ್ರಾಯ ಕಂಬಳಿ ಸರಿಪಡಿಸಿಕೊಂಡು ಮುಂದೆ ಬಂದ. "ಬಾರಪ್ಪಾ..."

"ಅಪ್ಪಾ ಗಿಪ್ಪಾ ಬ್ಯಾಡ. ಬರೇ ಬಾ ಅನ್ನು."

"ಬಾ" ಎಂದ ಹನುಮಂತ್ರಾಯ. "ಬಾ, ಒಳಗ ಬಾ."

ಎತ್ತಿದ ಕಾಲು ಹೊಸ್ತಿಲು ದಾಟಿತು. ಹಿಂದೆಯೇ ಇನ್ನೊಂದು ಕಾಲು. ಪಡಸಾಲೆಗೆ ಬಂದ ಯಮಣ್ಣ ಔಷಧದ ನಳಿಗೆಯನ್ನು ಗೋಡೆಗೆ ಒರಗಿಸಿ, ಕೈಕಟ್ಟಿ ನಿಂತಿತು. ಅಯ್ಯಮ್ಮ "ಬಂದ್ಯಾ? ಕುಂದ್ರು" ಎಂದು ಕಂಬಳಿ ಹಾಸಿದಳು. "ಅಂಬಿಕಾ, ಅಕ್ಕಿ ತಾ, ಕೊಬ್ರಿ ಬಟ್ಟಲಾ ತಾ, ಟ್ರಂಕಿನಾಗ ಹಸರು ಜಂಪರ್ ಪೀಸ್ ಅದ ನೋಡು" ಎಂದು ಸೊಸೆಯನ್ನು ಕೂಗಿದಳು. ಏನು ನಡೆಯುತ್ತಿದೆ ಎಂದು ನಮಗೆ ತಿಳಿಯುವುದರೊಳಗೆ ಡಬ್ಬಿಯ ಹಣೆಗೆ ಅರಿಶಿನ ಕುಂಕುಮ ಏರಿತ್ತು. ತವರಿಗೆ ಬಂದ ಮಗಳಿಗೆ ಉಡಿ ತುಂಬಬೇಕು, ಉಡಿ ತುಂಬಲು ಸೆರಗು ಬೇಕು, ರೋಬೋಗೆ ಸೆರಗಿಲ್ಲ. ಅಯ್ಯಮ್ಮ ಹಿಂದೆ ಮುಂದೆ ನೋಡದೆ ಕೂಲರಿನ ನೀರಿನ ತೊಟ್ಟಿಯೊಳಗೆ ಅಕ್ಕಿ ಸುರಿದಳು.

"ಯವ್ವಾ, ಗಂಡ್ಸಿಗೆ ಉಡಿ ತುಂಬತಿಯಲ್ಲಬೇ!" ಹನುಮಂತ್ರಾಯ ಹೌಹಾರಿದ.

"ಮಶೀನಿಗೆ ಗಂಡ್ಸು ಹೆಂಗ್ಸು ಎಲ್ಲಿಂದೋ?" ಎಂದು ಅವಳು ಐದನೆಯ ಬೊಗಸೆಯನ್ನೂ ಸುರಿದಳು.

ಶೇಖರ ಬಂದು ಕಾಲಿಗೆ ಬೀಳುವುದೊಂದು ಬಾಕಿ. "ಯವ್ವಾ, ಇನ್ನರ ಸಾಯಿ."

"ಉಡಿ ತುಂಬಿಸ್ಕೊಂಡಾಕಿ ತವರಿನಾಗ ಕೊಲಿ ಮಾಡ್ತಾಳೇನೋ? ಹುಚ್ಚ ಅದೀ. ಹೋಗು, ಕೈ ತೊಳಕೊ, ಊಟಾ ಮಾಡು."

'ಆಕಿ' ಎಂಬ ಮಾತು ಹನುಮಂತ್ರಾಯನ ಕಿವಿಗೆ ಬಿತ್ತೋ ಇಲ್ಲವೋ, ಅಷ್ಟರಲ್ಲಿ ಯಮಣ್ಣ ಡಬ್ಬಿಗೆ ಎರಡೂ ಕೈ ಹಾಕಿ ಒದ್ದಾಡತೊಡಗಿತು. ನಗ್ಗಿದ ತಗಡು ಕಿವಿಗೆ ಸಿಕ್ಕಿ ಡಬ್ಬಿ ಮೇಲೆ ಬರುತ್ತಿರಲಿಲ್ಲ. ಒಳಗೆ ಉಸಿರು ಕಟ್ಟುತ್ತಿತ್ತು. ನಾವು ಎಳೆದೆವು, ಬರಲಿಲ್ಲ. ಆಗ ಹನುಮಂತ್ರಾಯ ನಮ್ಮನ್ನೆಲ್ಲ ಬದಿಗೆ ಸರಿಸಿದ.

"ಸರೀರಿ. ನಮ್ಮ ಟಗರು ಒಮ್ಮೆ ಕೊಡದಾಗ ತಲಿ ಹಾಕಿತ್ತು. ಎಳೀಬಾರದು, ತಿರುವಬೇಕು. ಒಂದು ಕಿವಿ ಮೊದಲ, ಆಮ್ಯಾಲ ಇನ್ನೊಂದು." ಡಬ್ಬಿಯ ಬಾಯಿಗೆ ಎಣ್ಣೆ ಹಚ್ಚಿ, ಮೊಣಕಾಲು ಊರಿ, ಟಗರಿಗೆ ಮಾಡುವಷ್ಟೇ ಮುದ್ದಿನಿಂದ "ಹೋ ಹೋ, ಹೆದರಬ್ಯಾಡ" ಎನ್ನುತ್ತ ತಿರುವಿದ. ಮೊದಲು ಉದ್ದನೆಯ ಜಡೆ ಬಿತ್ತು. ಆಮೇಲೆ ಡಬ್ಬಿ ಅವನ ಕೈಗೆ ಬಂತು. ಕೆಳಗೆ ಬೆವರಿನಲ್ಲಿ ತೊಯ್ದು, ಕೆಂಪಾಗಿ, ಕಣ್ಣು ಪಿಳುಕಿಸುತ್ತ ಅವನ ತಂಗಿ ಕುಳಿತಿದ್ದಳು.

ಅಂಬಿಕಾ ಮೊದಲು ನಕ್ಕಳು. ಆಮೇಲೆ ಊರು ನಕ್ಕಿತು.

"ನೀ ಬಾ ಅಂದಿ ಯಣ್ಣಾ" ಎಂದಳು ಉಮಾದೇವಿ, ಏದುಸಿರಿನಲ್ಲೇ. "ಊರ ಮಂದಿಯೆಲ್ಲ ಕೇಳ್ಯಾರ."

ಹನುಮಂತ್ರಾಯನ ಕಿವಿಗಳು ಆಟೋದ ಲೈಟಿಗಿಂತ ಕೆಂಪಾಗಿದ್ದವು. "ನಾ ಬಾ ಅಂದದ್ದು ಮಶೀನಿಗೆ."

"ಹಂಗಾದ್ರ ಬಂದದ್ದೂ ಮಶೀನ ಬಿಡು." ಅವಳು ಅವನ ಕೈಯಿಂದ ಡಬ್ಬಿ ಕಸಿದು ಮತ್ತೆ ತಲೆಗೆ ಹಾಕಿಕೊಂಡಳು.

"ಎರಡೂ ಮಶೀನ" ಎಂದಳು ಅಯ್ಯಮ್ಮ. "ಹಡದಾಕಿ ನಾನ ಕಾರ್ಖಾನಿ."

ಯಮಣ್ಣ ಆ ದಿನ ಕಂಬಳಿಯ ಮೇಲೆ ಕುಳಿತು, ಒಂದು ಕೈಯಿಂದ ಡಬ್ಬಿಯನ್ನು ಬಾಯಿಯವರೆಗೆ ಎತ್ತಿ ಇನ್ನೊಂದು ಕೈಯಿಂದ ರೊಟ್ಟಿ, ಬೇಳೆ ಪಲ್ಯ ಉಂಡಿತು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಉಂಡ. ಆದರೆ ಯಂತ್ರದ ತಟ್ಟೆಯಲ್ಲಿ ತುಪ್ಪ ಕಡಿಮೆಯಾದಾಗ ತಿರುಗಿ ನೋಡದೆಯೇ ತುಪ್ಪದ ಗಿಂಡಿಯನ್ನು ಹಿಂದಕ್ಕೆ ತಳ್ಳಿದ. ವಹೀದ್ ಕ್ಯಾಮೆರಾ ನಿಲ್ಲಿಸಿಯೇ ಇರಲಿಲ್ಲ. ಹೊರಡುವಾಗ ಉಮಾದೇವಿ ಅವನನ್ನು ಕೇಳಿದ್ದು ಒಂದೇ ಮಾತು.

"ತಲಿ ಬಂತೇನೋ?"

"ಪೂರಾ ಬಂತಕ್ಕಾ" ಎಂದ ವಹೀದ್. "ಬಾಗಿಲಾ ಸಮೇತ."

ಮತ್ತೊಮ್ಮೆ ಚಿತ್ರೀಕರಿಸಲು ಮುದುಕಿ ಸಾಯಲು ಒಪ್ಪಲಿಲ್ಲವಾದ್ದರಿಂದ ಶೇಖರ ಇದ್ದುದನ್ನೇ ಕತ್ತರಿಸಿ ಜೋಡಿಸಿದ. ಡಬ್ಬಿ ತೆಗೆದ ಭಾಗ ಬಿಟ್ಟು ಉಳಿದದ್ದೆಲ್ಲ ಭಾನುವಾರ ಸಂಜೆ ಬಂತು. ಲೋಕವನ್ನೇ ಕೊಲ್ಲಲು ಹೊರಟ ಯಂತ್ರ ಬಾಗಿಲಲ್ಲಿ ಕಾಲೆತ್ತಿ ನಿಂತಿದೆ. ಕಂಬಳಿ ಹೊದ್ದ ಮೀಸೆಯವನೊಬ್ಬ "ಬಾ, ಒಳಗ ಬಾ" ಎನ್ನುತ್ತಾನೆ. ಯಂತ್ರ ಬಂದು, ಉಡಿ ತುಂಬಿಸಿಕೊಂಡು, ಉಂಡು, ಹೊಸ್ತಿಲಿಗೆ ನಮಸ್ಕರಿಸಿ ಹೋಗುತ್ತದೆ. ನಾನು ಬರೆದಿದ್ದ "ಮನುಷ್ಯಾ, ನಿನ್ನ ಕರೆಂಟು ಕಟ್" ಎಂಬ ಭಯಂಕರ ಮಾತಿಗೆ ಜಾಗವೇ ಸಿಗಲಿಲ್ಲ. ಮರುದಿನ ಚಂದ್ರಬಂಡದಿಂದ ಚಾನೆಲ್ಲಿಗೆ ಫೋನು: ರೋಬೋ ನಮ್ಮೂರಿಗೆ ಯಾವಾಗ ಬರ್ತದ್ರೀ, ಹೆಣ್ಣುಮಕ್ಕಳು ಅಕ್ಕಿ ಹಸನು ಮಾಡಿ ಇಟ್ಟಾರ. ಯಮಣ್ಣ ಯಮಕ್ಕನಾಯಿತು. ಕೊಲೆಗಡುಕನಿಗೆ ಇದಕ್ಕಿಂತ ದೊಡ್ಡ ಸಾವು ಯಾವುದಿದ್ದೀತು? ಹೆದರುವವರೇ ಇಲ್ಲದ ಮೇಲೆ 'ಕಬ್ಬಿಣದ ಕಾಲ'ಕ್ಕೂ ಕಾಲ ತುಂಬಿತು.

ಹನುಮಂತ್ರಾಯನ ಕಾಲ ಮಾತ್ರ ಇನ್ನೂ ಕೆಟ್ಟಿತು. ಗಬ್ಬೂರಿನ ಚಹಾದ ಹೋಟೆಲಿಗೆ ಅವನು ಮೊದಲೇ ಬಂದು ಕುಳಿತಿದ್ದರೆ, ಆಮೇಲೆ ಬಂದವರೆಲ್ಲ ಬಾಗಿಲಲ್ಲಿ ಒಂದು ಕಾಲೆತ್ತಿ ನಿಲ್ಲುತ್ತಿದ್ದರು. "ಹನುಮಂತ್ರಾಯಾ, ಬಾ ಅನ್ನೋ ಮಾರಾಯ, ಕಾಲು ನೋವಾಕತ್ತದ!" ಅವನು ಬೈಯುತ್ತಿದ್ದ, ಅವರು ಕದಲುತ್ತಿರಲಿಲ್ಲ. ಕೊನೆಗೆ ಹಲ್ಲು ಕಚ್ಚಿ "ಬಾ" ಎನ್ನಲೇಬೇಕು. ಬೇಸಿಗೆ ಮುಗಿಯುವುದರೊಳಗೆ ಆ ಒಂದಕ್ಷರ ಅವನ ನಾಲಿಗೆಗೆ ಚೆನ್ನಾಗಿ ರೂಢಿಯಾಯಿತು.

ಪಂಚಮಿಯ ಹಿಂದಿನ ದಿನ ಮಾನ್ವಿಯ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಉಮಾದೇವಿ ಮೇಲಿನ ಸಾಲಿನಿಂದ ಸೀರೆಗಳನ್ನು ಇಳಿಸುತ್ತಿದ್ದಳು. ಒಮ್ಮೆಗೇ ಗದ್ದಲ ಕಡಿಮೆಯಾಯಿತು. ತಿರುಗಿ ನೋಡಿದರೆ ಅಂಗಡಿಯ ಬಾಗಿಲಲ್ಲಿ ಕಂಬಳಿ ಹೊದ್ದ ಮನುಷ್ಯನೊಬ್ಬ ಬಲಗಾಲು ಎತ್ತಿಕೊಂಡು ನಿಂತಿದ್ದ. ಮುಖ ರಸ್ತೆಯ ಕಡೆಗಿತ್ತು. ಮೀಸೆ ಗಂಭೀರವಾಗಿತ್ತು. ಕಾಲು ನಡುಗುತ್ತಿತ್ತು.

ಉಮಾದೇವಿ ಕೈಯಲ್ಲಿದ್ದ ಸೀರೆಯನ್ನು ಮಡಿಚಿದಳು. ಇನ್ನೊಂದನ್ನು ತೆಗೆದು ಅದನ್ನೂ ಮಡಿಚಿದಳು. ಅಂಚು ಅಂಚಿಗೆ ಸರಿಯಾಗಿದೆಯೇ ಎಂದು ನೋಡಿದಳು. ಸಾಹುಕಾರರಿಗೇ ತಡೆಯಲಾಗಲಿಲ್ಲ. "ಏನ್ ಬೇ ಉಮಾದೇವಿ, ಪಾಪ ಮನಷ್ಯಾ ಬೀಳ್ತಾನ!"

"ಬಾ ಯಣ್ಣಾ" ಎಂದಳು ಉಮಾದೇವಿ. "ಒಳಗ ಬಾ."

ಮರುದಿನ ಅಣ್ಣನ ಹಿಂದೆ ಅವಳು ಗಬ್ಬೂರಿನ ಮನೆಗೆ ಬಂದಾಗ ಅಂಗಳದ ಬೇವಿಗೆ ಜೋಕಾಲಿ ಕಟ್ಟಿತ್ತು, ಹಗ್ಗವನ್ನು ಎಂದಿನದಕ್ಕಿಂತ ಒಂದು ಮೊಳ ಮೇಲೆ ಬಿಗಿದಿದ್ದರು. ಬಾಗಿಲ ಮೇಲಿನ ಪಟ್ಟಿಗೆ ಹಳೆಯ ಕಂಬಳಿಯ ತುಂಡೊಂದನ್ನು ಮಡಿಚಿ ಮೊಳೆ ಹೊಡೆದಿತ್ತು.

"ಕುರಿ ತಲಿಗೆ ತಗಲಬಾರದಂತ ಬಡದೀನಿ" ಎಂದ ಹನುಮಂತ್ರಾಯ, ಎತ್ತಲೋ ನೋಡುತ್ತ.

ಅಷ್ಟು ಎತ್ತರದ ಕುರಿಯನ್ನು ಗಬ್ಬೂರಿನಲ್ಲಿ ಯಾರೂ ನೋಡಿಲ್ಲ. ಉಮಾದೇವಿ ಬಗ್ಗಿ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡಳು. ಏಳುವಾಗ ಬೇಕೆಂದೇ ತಲೆಯನ್ನು ಒಮ್ಮೆ ಆ ಕಂಬಳಿಗೆ ಗುದ್ದಿ ನೋಡಿದಳು. ಮೆತ್ತಗಿತ್ತು. ಆದರೂ ರೂಢಿ ಬಿಡಬಾರದೆಂದು ಅಂಗೈಯಿಂದ ಎರಡು ಏಟು ಕೊಟ್ಟು ಒಳಗೆ ಹೋದಳು.